ಮೊದಲ ಎಲೆಕ್ಟ್ರಿಕ್ ಗಿಟಾರ್ ತರಲು ತುಮಕೂರಿನಿಂದ ಹೊರಡುವ ಮುಂಚೆ

ನಮ್ಮ ಕಡೆ ಬಹಳ ಜನ ಎಲೆಕ್ಟ್ರಿಕ್ ಗಿಟಾರನ್ನು ಮೊದಲು ನೋಡುವುದು ಗಣೇಶನ ಪೆಂಡಾಲ್ ಮುಂದೆ. ಆರ್ಕೆಸ್ಟ್ರಾದಲ್ಲಿ ಹಾಡುವವರು ಮುಂದೆ, ರಿದಮ್ ಪ್ಯಾಡ್ ಪಕ್ಕದಲ್ಲಿ, ಹಿಂದೆ ಒಂದು ಮೂಲೆಯಲ್ಲಿ ಕೆಂಪು ಗಿಟಾರ್ ನೇತುಹಾಕಿಕೊಂಡು ತಲೆ ಬಗ್ಗಿಸಿ ನಿಂತವನೊಬ್ಬ. ನಾನು ನೋಡಿದ್ದೂ ಹಾಗೇ. ಹಾಡು ಯಾವುದು ಅಂತ ನೆನಪಿಲ್ಲ, ಅವನು ತಂತಿ ಎಳೆದಾಗ ಸ್ವರ ಜಾರಿಕೊಂಡು ಮೇಲೆ ಹೋದದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ಅದಾದ ಮೇಲೆ ನನ್ನದೇ ಒಂದು ಗಿಟಾರ್ ತಗೊಳ್ಳಲು ಆರು ವರ್ಷ ಹಿಡಿಯಿತು. ತಗೊಂಡದ್ದು ತಪ್ಪು ಗಿಟಾರ್.

ಆ ಕತೆ ಮೊದಲೇ ಹೇಳಿಬಿಡುತ್ತೇನೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಮೆಟಾಲಿಕಾ ಅನ್ನುವ ಅಮೆರಿಕದ ಬ್ಯಾಂಡ್ ನುಡಿಸಿದಾಗ ನಾನು ಹೋಗಿದ್ದೆ. ತಲೆ ತಿರುಗಿತು. ವಾಪಸ್ ಬಂದವನೇ ಆನ್‌ಲೈನ್‌ನಲ್ಲಿ ಫೋಟೊ ನೋಡಿ ಕಪ್ಪು ಬಣ್ಣದ, ಎರಡು ಕಡೆ ಚೂಪು ಕೊಂಬಿನ ಗಿಟಾರೊಂದನ್ನು ತರಿಸಿದೆ. ಅದರಲ್ಲಿ ಫ್ಲಾಯ್ಡ್ ರೋಸ್ ಥರದ ತೇಲುವ ಬ್ರಿಡ್ಜ್ (ಗಿಟಾರಿನ ಮೈ ಮೇಲೆ ತಂತಿಗಳ ತುದಿ ಕೂರುವ ಭಾಗ) ಇತ್ತು. ಆರು ತಂತಿಗಳ ಎಳೆತ ಒಂದು ಕಡೆ, ಹಿಂದೆ ಸ್ಪ್ರಿಂಗ್‌ಗಳ ಎಳೆತ ಇನ್ನೊಂದು ಕಡೆ, ಮಧ್ಯೆ ಬ್ರಿಡ್ಜ್ ತಕ್ಕಡಿ ಥರ ನಿಂತಿರುತ್ತದೆ. ಒಂದು ತಂತಿ ಬಿಗಿ ಮಾಡಿದರೆ ಉಳಿದ ಐದೂ ಸಡಿಲ. ಆ ಐದನ್ನು ಸರಿ ಮಾಡುವಷ್ಟರಲ್ಲಿ ಮೊದಲನೆಯದು ಮತ್ತೆ ಕೆಟ್ಟಿರುತ್ತದೆ. ವೇದಿಕೆ ಮೇಲೆ ನುಡಿಸುವವರಿಗೆ ಅದು ಸರಿ, ಅವರ ಹಿಂದೆ ಶ್ರುತಿ ಮಾಡಿಕೊಡಲು ಆಳು ಇರುತ್ತಾನೆ. ನನ್ನ ಹಿಂದೆ ಇದ್ದದ್ದು ನಮ್ಮಮ್ಮ, ಅವರು ಊಟಕ್ಕೆ ಕರೆಯುತ್ತಿದ್ದರು. ಸಂಜೆ ಒಂದು ಗಂಟೆ ಸಿಕ್ಕರೆ ಮುಕ್ಕಾಲು ಗಂಟೆ ಶ್ರುತಿ ಮಾಡುವುದರಲ್ಲೇ ಹೋಗುತ್ತಿತ್ತು. ಸಾಲದ್ದಕ್ಕೆ ತಂತಿಗಳು ಎಷ್ಟು ಎತ್ತರದಲ್ಲಿದ್ದವು ಅಂದರೆ, ಒತ್ತಿ ಒತ್ತಿ ಬೆರಳ ತುದಿ ಬಾತುಕೊಳ್ಳುತ್ತಿತ್ತು. ಮೂರು ತಿಂಗಳಿಗೆ ಗಿಟಾರ್ ಬೀರು ಮೇಲೆ ಹೋಯಿತು. ನನಗೆ ಸಂಗೀತ ಬರಲ್ಲ ಅಂತ ನಾನೇ ತೀರ್ಮಾನ ಮಾಡಿದೆ.

ಒಂದೂವರೆ ವರ್ಷ ಬಿಟ್ಟು ಯಶವಂತಪುರದಲ್ಲಿ ಗೆಳೆಯನ ರೂಮಿನಲ್ಲಿ ಒಂದು ಸಾದಾ ಯಮಹಾ ಗಿಟಾರ್ ಕೈಗೆ ಸಿಕ್ಕಿತು. ಹತ್ತೇ ನಿಮಿಷ ಹಿಡಿದೆ. ಅದೇ ಬೆರಳು, ಅದೇ ಅರ್ಧಂಬರ್ಧ ಕಲಿಕೆ, ಆದರೂ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಸ್ವಚ್ಛವಾಗಿ ನುಡಿಯಿತು. ಬೆಲೆ ನೋಡಿದರೆ ನಾನೇ ಜಾಸ್ತಿ ಕೊಟ್ಟಿದ್ದೆ. ಅವನ ಗಿಟಾರನ್ನು ಗೊತ್ತಿದ್ದವರೊಬ್ಬರು ಸೆಟಪ್ (ತಂತಿಯ ಎತ್ತರ, ಶ್ರುತಿ ಎಲ್ಲ ಹೊಂದಿಸುವುದು) ಮಾಡಿಕೊಟ್ಟಿದ್ದರು, ನನ್ನದನ್ನು ಯಾರೂ ಮುಟ್ಟಿರಲಿಲ್ಲ. ಕೆಳಗೆ ನಾನು ಹೇಳುವುದೆಲ್ಲ ಆ ಹತ್ತು ನಿಮಿಷದಿಂದ ಬಂದದ್ದು. ಮೊದಲ ಗಿಟಾರ್ ಬೆರಳಿಗೆ ಸುಲಭವಾಗಿರಬೇಕು, ಬೇಗ ಶ್ರುತಿಗೆ ಬರಬೇಕು. ಉಳಿದದ್ದೆಲ್ಲ ಆಮೇಲೆ.

ಮೊದಲು ಅಕೂಸ್ಟಿಕ್ (ಟೊಳ್ಳು ಪೆಟ್ಟಿಗೆಯ ಮಾಮೂಲಿ ಗಿಟಾರ್) ಕಲಿ, ಆಮೇಲೆ ಎಲೆಕ್ಟ್ರಿಕ್ ತಗೋ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಒಪ್ಪಲ್ಲ. ಅಕೂಸ್ಟಿಕ್‌ನಲ್ಲಿ ಸಾಮಾನ್ಯವಾಗಿ ಒಂದನೇ ತಂತಿ, ಅಂದರೆ ಎಲ್ಲಕ್ಕಿಂತ ತೆಳುವಾದದ್ದು, 0.012 ಇಂಚು ದಪ್ಪ, ಎಲೆಕ್ಟ್ರಿಕ್‌ನಲ್ಲಿ 0.009 ಅಥವಾ 0.010. ಕಾಗದದ ಮೇಲೆ ಏನೂ ಅನ್ನಿಸಲ್ಲ, ಬೆರಳಿಗೆ ಬಹಳ ವ್ಯತ್ಯಾಸ. ನಿಮಗೆ ಇಷ್ಟವಾಗುವ ಸದ್ದು ಎಲೆಕ್ಟ್ರಿಕ್‌ನದ್ದಾದರೆ ಅದನ್ನೇ ತಗೊಳ್ಳಿ. ಖರ್ಚು ಜಾಸ್ತಿ ಅನ್ನುವುದು ಮಾತ್ರ ನಿಜ, ಯಾಕೆಂದರೆ ಗಿಟಾರ್ ಒಂದನ್ನೇ ತಂದರೆ ಮುಗಿಯಲ್ಲ.

ಇನ್ನೊಂದು ತಪ್ಪು ತಿಳುವಳಿಕೆ ನಮ್ಮ ತಂದೆಯದು. "ಕರೆಂಟ್ ಹೋದರೆ ನುಡಿಸೋಕೆ ಆಗಲ್ವಲ್ಲ" ಅಂದಿದ್ದರು. ಗಿಟಾರಿಗೆ ಕರೆಂಟ್ ಬೇಡವೇ ಬೇಡ. ತಂತಿಗಳ ಕೆಳಗೆ ಪಿಕಪ್ ಅಂತ ಇರುತ್ತದೆ, ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳು ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ನಡುಗಿದರೆ ಆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಹೈಸ್ಕೂಲಿನಲ್ಲಿ ಓದಿದ ಫ್ಯಾರಡೆ ನಿಯಮವೇ. ಆ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಆಂಪ್‌ಗೆ ಮಾತ್ರ ಕರೆಂಟ್ ಬೇಕು. ಬೆಸ್ಕಾಂನವರು ಕರೆಂಟ್ ತೆಗೆದರೂ ಬರೀ ತಂತಿಯ ಸದ್ದಿನಲ್ಲೇ ಅಭ್ಯಾಸ ಮಾಡಬಹುದು. ವಠಾರದ ಮನೆಯಲ್ಲಿ ಅದು ಒಂದು ಅನುಕೂಲವೇ.

ದುಡ್ಡಿನ ವಿಷಯ. ಕೈಯಲ್ಲಿ 25 ಸಾವಿರ ಇದೆ ಅಂದುಕೊಳ್ಳಿ. 25 ಸಾವಿರದ ಗಿಟಾರ್ ನೋಡಬೇಡಿ. ಗಿಟಾರಿಗೆ ಸುಮಾರು 15-16 ಸಾವಿರ, ಆಂಪ್‌ಗೆ 5-6 ಸಾವಿರ, ಉಳಿದದ್ದು ಕೇಬಲ್, ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್, ಸ್ಟ್ರ್ಯಾಪ್, ಬ್ಯಾಗ್, ಒಂದು ಸೆಟ್ ತಂತಿ ಮತ್ತೆ ಸೆಟಪ್ ಕೂಲಿ. ಸೆಟಪ್‌ಗೆ ಸಾವಿರ, ಒಂದೂವರೆ ಸಾವಿರ ಎತ್ತಿಡಿ, ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಎಲ್ಲ ಸೇರಿಸಿ ಒಂದೇ ಡಬ್ಬದಲ್ಲಿ ಕೊಡುವ ಅಗ್ಗದ ಪ್ಯಾಕ್‌ಗಳು ಸಿಗುತ್ತವೆ. ಅದರಲ್ಲಿ ಗಿಟಾರ್ ಹೇಗೋ ನಡೆಯುತ್ತದೆ, ಆಂಪ್ ಮತ್ತು ಕೇಬಲ್ ಸಾಮಾನ್ಯವಾಗಿ ಆರು ತಿಂಗಳಲ್ಲಿ ಕರಕರ ಅನ್ನಲು ಶುರು ಮಾಡುತ್ತವೆ. ದುಡ್ಡು ತೀರಾ ಕಡಿಮೆ ಇದ್ದರೆ ಮಾತ್ರ ಆ ದಾರಿ.

ಆಕಾರಗಳ ಬಗ್ಗೆ ತಲೆ ಕೆಡಿಸಿಕೊಳ್ಳುವವರಿಗೆ ಇಷ್ಟು ಸಾಕು. ಈಗ ಅಂಗಡಿಯಲ್ಲಿ ನೇತಾಡುವ ಹೆಚ್ಚಿನ ಗಿಟಾರ್‌ಗಳು ಎರಡು ಹಳೇ ಮನೆತನಕ್ಕೆ ಸೇರಿದವು. ಒಂದು ಫೆಂಡರ್ ಕಂಪನಿಯ 1954ರ ಸ್ಟ್ರಾಟೊಕಾಸ್ಟರ್, ಇನ್ನೊಂದು ಗಿಬ್ಸನ್ ಕಂಪನಿಯ 1952ರ ಲೆಸ್ ಪಾಲ್. ಸ್ಟ್ರಾಟ್ ಹಗುರ, ಮೈಗೆ ಅಂಟಿಕೊಳ್ಳುವ ಹಾಗೆ ಅಂಚು ಕೆತ್ತಿರುತ್ತಾರೆ, ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಸದ್ದು ಚುರುಕು. ಲೆಸ್ ಪಾಲ್ ಭಾರ, ನಾಲ್ಕು ಕೆ.ಜಿ. ದಾಟುವುದು ಮಾಮೂಲು, ಎರಡು ಹಂಬಕರ್ (ಜೋಡಿ ಸುರುಳಿಯ) ಪಿಕಪ್, ಸದ್ದು ದಪ್ಪ. ಸ್ಟ್ರಾಟ್‌ನಲ್ಲಿ ತಂತಿಯ ನುಡಿಯುವ ಉದ್ದ 25.5 ಇಂಚು, ಲೆಸ್ ಪಾಲ್‌ನಲ್ಲಿ 24.75. ಫ್ರೆಟ್ ಅಂದರೆ ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ; ಮುಕ್ಕಾಲು ಇಂಚು ಕಡಿಮೆ ಅಂದರೆ ಫ್ರೆಟ್‌ಗಳು ಸ್ವಲ್ಪ ಹತ್ತಿರ, ತಂತಿಯೂ ಸ್ವಲ್ಪ ಮೃದು. ಕೈ ಚಿಕ್ಕದಿದ್ದರೆ ಅದು ಗೊತ್ತಾಗುತ್ತದೆ. ಹತ್ತು ವರ್ಷದ ಮಗುವಿಗಾದರೆ ಐಬನೆಜ್ ಮೈಕ್ರೊ ಥರದ 22.2 ಇಂಚಿನವು ಇವೆ, ದೊಡ್ಡವರ ಗಿಟಾರ್ ಕೊಟ್ಟು ಮಗುವನ್ನು ಹಿಂಸಿಸಬೇಡಿ.

ಹಂಬಕರ್ ಅನ್ನುವ ಹೆಸರಲ್ಲೇ ಅದರ ಕೆಲಸ ಇದೆ, ಹಮ್ ಅನ್ನುವ ಗುಂಯ್‌ಗುಟ್ಟುವಿಕೆಯನ್ನು ಎದುರಿಸುವುದು. ಸಿಂಗಲ್ ಕಾಯಿಲ್ ಪಿಕಪ್ ಒಂದು ಥರ ಆಂಟೆನಾ ಇದ್ದ ಹಾಗೆ. ಮನೆಯ ವೈರಿಂಗ್, ಹಳೇ ಟ್ಯೂಬ್‌ಲೈಟ್ ಚೋಕ್, ಫ್ಯಾನ್ ರೆಗ್ಯುಲೇಟರ್, ಮೊಬೈಲ್ ಚಾರ್ಜರ್, ಎಲ್ಲದರ ಗುಂಯ್ ಹಿಡಿದು ಕೊಡುತ್ತದೆ. ಹಂಬಕರ್‌ನಲ್ಲಿ ಎರಡು ಸುರುಳಿಗಳು ಒಂದಕ್ಕೊಂದು ಉಲ್ಟಾ ಇರುವುದರಿಂದ ಗುಂಯ್ ರದ್ದಾಗಿ ತಂತಿಯ ಸದ್ದು ಉಳಿಯುತ್ತದೆ. ಗಿಬ್ಸನ್‌ನಲ್ಲಿ ಇದ್ದ ಸೇತ್ ಲವರ್ ಅನ್ನುವ ಇಂಜಿನಿಯರ್ 1955ರಲ್ಲಿ ರೂಪಿಸಿದ್ದು ಇದು. ನಮ್ಮ ಹಳೇ ಮನೆಗಳ ವೈರಿಂಗ್ ನೆನೆಸಿಕೊಂಡರೆ ಬ್ರಿಡ್ಜ್ ಹತ್ತಿರ ಒಂದಾದರೂ ಹಂಬಕರ್ ಇರುವ ಗಿಟಾರ್ ಒಳ್ಳೆಯದು. ಒಂದು ಹಂಬಕರ್, ಎರಡು ಸಿಂಗಲ್ ಕಾಯಿಲ್ ಇರುವ ಜೋಡಣೆಯನ್ನು ಅಂಗಡಿಯಲ್ಲಿ ಎಚ್‌ಎಸ್‌ಎಸ್ ಅನ್ನುತ್ತಾರೆ. ಹಾಡಿನ ಹಿಂದೆ ಮೆತ್ತಗೂ ನುಡಿಸಬಹುದು, ಗದ್ದಲವೂ ಮಾಡಬಹುದು. ಏನು ನುಡಿಸಬೇಕು ಅಂತ ಇನ್ನೂ ಗೊತ್ತಿಲ್ಲದವರಿಗೆ ನನ್ನ ಓಟು ಇದಕ್ಕೇ.

ಬ್ರಿಡ್ಜ್ ಬಗ್ಗೆ ನನ್ನ ಸಿಟ್ಟು ಆಗಲೇ ಗೊತ್ತಾಗಿದೆ ಅಲ್ವಾ. ಅಲುಗಾಡದ ಬ್ರಿಡ್ಜ್ ಇರುವುದು ಸಿಕ್ಕರೆ ಬಹಳ ಒಳ್ಳೆಯದು. ಸ್ಟ್ರಾಟ್ ಥರದ ಸಾದಾ ಟ್ರೆಮೊಲೊ (ಕಡ್ಡಿ ಒತ್ತಿ ಸ್ವರ ಏರಿಳಿಸುವ ಬ್ರಿಡ್ಜ್) ಆದರೂ ಪರವಾಗಿಲ್ಲ, ಆ ಕಬ್ಬಿಣದ ಕಡ್ಡಿಯನ್ನು ಬಿಚ್ಚಿ ಡ್ರಾಯರ್‌ಗೆ ಹಾಕಿ ಮರೆತುಬಿಡಿ.

ಬ್ರ್ಯಾಂಡ್ ಕೇಳುತ್ತೀರಿ, ಗೊತ್ತು. ಸ್ಕ್ವಾಯರ್ ಅಂದರೆ ಫೆಂಡರ್‌ನ ಕಡಿಮೆ ಬೆಲೆಯ ಸಾಲು, ಎಪಿಫೋನ್ ಅಂದರೆ ಗಿಬ್ಸನ್‌ನದು. ಕೊರಿಯಾದ ಕೋರ್ಟ್, ಜಪಾನಿನ ಐಬನೆಜ್‌ನ ಜಿಯೊ ಸಾಲು, ಯಮಹಾದ ಪೆಸಿಫಿಕಾ, ಇವುಗಳಲ್ಲಿ ಯಾವುದು ತಂದರೂ ಮೋಸ ಇಲ್ಲ. ನಾನು ಆಮೇಲೆ ತಂದದ್ದು ಪೆಸಿಫಿಕಾ. ಆರ್‌ಎಕ್ಸ್ 100 ಓಡಿಸಿದ ನಮ್ಮ ಚಿಕ್ಕಪ್ಪ "ಬೈಕ್ ಕಂಪನಿ ಗಿಟಾರೂ ಮಾಡುತ್ತಾ" ಅಂತ ನಕ್ಕರು. ಉಲ್ಟಾ. 1887ರಲ್ಲಿ ತೊರಕುಸು ಯಮಹಾ ಅನ್ನುವವರು ಒಂದು ರೀಡ್ ಆರ್ಗನ್ ರಿಪೇರಿ ಮಾಡಿದ್ದರಿಂದ ಶುರುವಾದ ಕಂಪನಿ ಅದು. ನಮ್ಮ ಗುಬ್ಬಿ ಕಡೆಯ ನಾಟಕದವರ ಲೆಗ್ ಹಾರ್ಮೋನಿಯಂ ಇದೆಯಲ್ಲ, ಆ ಜಾತಿಯದು. ಬೈಕ್ ಬಂದದ್ದು 1955ರಲ್ಲಿ. ಆ ಲೋಗೋದಲ್ಲಿ ಇರುವುದು ಮೂರು ಶ್ರುತಿಕವೆ, ಇವತ್ತು ಬೈಕ್ ಟ್ಯಾಂಕ್ ಮೇಲೆ ನೋಡಿ. ಇನ್ನೊಂದು ಎಚ್ಚರಿಕೆ: ಗಿಬ್ಸನ್ ಬೇರೆ, ಕೊಲ್ಕತ್ತಾದ ಗಿವ್ಸನ್ ಬೇರೆ. ಬ ಮತ್ತು ವ ನೋಡಿಕೊಂಡು ದುಡ್ಡು ಕೊಡಿ. ಯಾರಾದರೂ 12 ಸಾವಿರಕ್ಕೆ ಹೊಸ ಗಿಬ್ಸನ್ ಲೆಸ್ ಪಾಲ್ ಕೊಡುತ್ತೇನೆ ಅಂದರೆ ಅದು ನಕಲಿ, ಅದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ.

ಎಲ್ಲಿ ತಗೊಳ್ಳುವುದು? ತುಮಕೂರಿನ ವಾದ್ಯದ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲ, ಅಕೂಸ್ಟಿಕ್ ಗಿಟಾರ್ ಸುಲಭ. ಎಲೆಕ್ಟ್ರಿಕ್ ಒಂದೋ ಎರಡೋ ಇದ್ದರೆ ಹೆಚ್ಚು. ಮೊದಲು ಅಲ್ಲಿ ಹೋಗಿ ಹಿಡಿದು ನೋಡಿ, ತಂತಿ, ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಅಲ್ಲೇ ತಗೊಳ್ಳಿ. ಆದರೆ ಗಿಟಾರಿಗಾಗಿ ಒಂದು ದಿನ ಬೆಂಗಳೂರಿಗೆ ಹೋಗಿ ಬನ್ನಿ ಅನ್ನುತ್ತೇನೆ. 70 ಕಿಲೋಮೀಟರ್, ಬೆಳಗಿನ ರೈಲು ಹಿಡಿದರೆ ಯಶವಂತಪುರ. ಇಲ್ಲವೇ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಸ್ ಹತ್ತಿ. ವಾರದ ದಿನ ಹೋಗಿ, ಭಾನುವಾರ ಬೇಡ. ಭಾನುವಾರ ಅಂಗಡಿ ತುಂಬಾ ನನ್ನಂಥವರೇ ಇರುತ್ತಾರೆ, ನಾಲ್ಕು ಜನ ಒಟ್ಟಿಗೆ ನುಡಿಸುವಾಗ ನಿಮ್ಮ ಗಿಟಾರ್ ಹೇಗಿದೆ ಅಂತ ನಿಮಗೇ ಕೇಳಿಸಲ್ಲ.

ನುಡಿಸಲು ಬರಲ್ಲ, ಅಂಗಡಿಯಲ್ಲಿ ಏನು ಪರೀಕ್ಷೆ ಮಾಡಲಿ ಅಂತ ನಾಚಿಕೆ ಬೇಡ. ಈಗ ಹೇಳುವುದಕ್ಕೆ ಯಾವ ಹಾಡೂ ಬರಬೇಕಾಗಿಲ್ಲ. ಜೇಬಿನಲ್ಲಿ ಎರಡು ಒಂದು ರೂಪಾಯಿ ನಾಣ್ಯ ಇರಲಿ, ಫೋನಿನಲ್ಲಿ ಟ್ಯೂನರ್ ಆಪ್ ಇರಲಿ.

ಆಂಪ್‌ಗೆ ಹಾಕುವ ಮುಂಚೆ ಬರೀ ಗಿಟಾರ್ ಹಿಡಿಯಿರಿ. ಕುಳಿತು ತೊಡೆ ಮೇಲೆ ಇಟ್ಟುಕೊಳ್ಳಿ, ಆಮೇಲೆ ಸ್ಟ್ರ್ಯಾಪ್ ಹಾಕಿ ನಿಲ್ಲಿ. ಕೈ ಬಿಟ್ಟಾಗ ನೆಕ್, ಅಂದರೆ ಗಿಟಾರಿನ ಉದ್ದ ಕುತ್ತಿಗೆ, ತಾನಾಗೇ ನೆಲದ ಕಡೆ ಬಾಗಿದರೆ ಎಡಗೈ ಯಾವಾಗಲೂ ಅದನ್ನು ಎತ್ತಿ ಹಿಡಿಯಬೇಕಾಗುತ್ತದೆ, ಬಿಡಿ ಅದನ್ನು. ನೆಕ್‌ನ ಅಂಚಿನ ಉದ್ದಕ್ಕೂ ಅಂಗೈ ಜಾರಿಸಿ. ಫ್ರೆಟ್‌ಗಳ ತುದಿ ಗರಗಸದ ಹಾಗೆ ಚುಚ್ಚಿದರೆ ಬೇಡ. ಬೇರೆ ಹವೆಯಿಂದ ಬಂದ ಮರ ನಮ್ಮ ಮಾರ್ಚ್-ಏಪ್ರಿಲ್‌ನ ಒಣ ಬಿಸಿಲಿಗೆ ಕುಗ್ಗುತ್ತದೆ, ಲೋಹ ಹಾಗೆ ಕುಗ್ಗಲ್ಲ, ತುದಿ ಹೊರಗೆ ಬರುತ್ತದೆ. ಅಂಗಡಿಯಲ್ಲೇ ಚುಚ್ಚುವುದು ಊರಿಗೆ ಬಂದ ಮೇಲೆ ಇನ್ನೂ ಚುಚ್ಚುತ್ತದೆ.

ಇನ್ನು ಆಕ್ಷನ್, ಅಂದರೆ ಫ್ರೆಟ್‌ನಿಂದ ತಂತಿ ಎಷ್ಟು ಎತ್ತರದಲ್ಲಿದೆ ಅನ್ನುವುದು. ನೆಕ್ ಮೇಲೆ ಎರಡು ಚುಕ್ಕೆ ಜೋಡಿಯಾಗಿ ಇರುವ ಜಾಗ 12ನೇ ಫ್ರೆಟ್. ಅಲ್ಲಿ ತಂತಿಯ ಕೆಳಗೆ ಒಂದೂವರೆಯಿಂದ ಎರಡು ಮಿಲಿಮೀಟರ್ ಜಾಗ ಇದ್ದರೆ ಚೆನ್ನ, ದಪ್ಪ ತಂತಿಗೆ ಸ್ವಲ್ಪ ಜಾಸ್ತಿ ಇರುತ್ತದೆ. ಅಳತೆಪಟ್ಟಿ ತೆಗೆದರೆ ಸೇಲ್ಸ್‌ಮನ್ ಮುಖ ನೋಡುತ್ತಾನೆ, ಅದಕ್ಕೇ ನಾಣ್ಯ. ಎರಡು ನಾಣ್ಯ ಒಂದರ ಮೇಲೊಂದು ಇಟ್ಟು ಫ್ರೆಟ್ ಮತ್ತು ತಂತಿಯ ನಡುವೆ ತೂರಿಸಿ ನೋಡಿ. ಎರಡೂ ಸಲೀಸಾಗಿ ತೂರಿದರೆ ತಂತಿ ಬಹಳ ಎತ್ತರದಲ್ಲಿದೆ. ಹಾಗಂತ ಗಿಟಾರ್ ಕೆಟ್ಟದ್ದು ಅಂತಲ್ಲ, "ಇದನ್ನು ಇಳಿಸಿ ಕೊಡಿ, ಆಮೇಲೆ ನೋಡುತ್ತೇನೆ" ಅನ್ನಿ. ಒಳ್ಳೆಯ ಅಂಗಡಿಯವರು ಅಲ್ಲೇ ಅಲೆನ್ ಕೀ ತಂದು ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಇಳಿಸುತ್ತಾರೆ. ನೆಕ್ ಒಳಗಿರುವ ಟ್ರಸ್ ರಾಡ್ ಅನ್ನುವ ಉಕ್ಕಿನ ಸಲಾಕೆಯನ್ನು ತಿರುಗಿಸಿ ನೆಕ್‌ನ ಬಾಗುವಿಕೆ ಸರಿ ಮಾಡುತ್ತಾರೆ. ಈ ಸಲಾಕೆಗೆ ಮಾತ್ರ ನೀವು ಮೊದಲ ವರ್ಷ ಕೈ ಹಾಕಬೇಡಿ.

ಈಗ ಬೇಸರದ ಕೆಲಸ. ಆರೂ ತಂತಿಗಳಲ್ಲಿ, ಒಂದೊಂದು ಫ್ರೆಟ್ಟನ್ನೂ ಒತ್ತಿ ಮೀಟಿ. 22 ಫ್ರೆಟ್ ಇದ್ದರೆ 132 ಸಲ. ಐದು ನಿಮಿಷ ಸಾಕು. ಒಂದು ಜಾಗದಲ್ಲಿ ಮಾತ್ರ ಜ್ಸ್ಸ್ ಅಂತ ಸದ್ದು ಬಂದರೆ ಅಥವಾ ಸ್ವರ ಸತ್ತುಹೋದರೆ ಅಲ್ಲಿ ಒಂದು ಫ್ರೆಟ್ ಎದ್ದಿದೆ ಅಂತ ಅರ್ಥ, ಇನ್ನೊಂದು ಪೀಸ್ ಕೇಳಿ. ಅದೇ ಮಾಡೆಲ್, ಅದೇ ಬಣ್ಣದ ಎರಡು ಗಿಟಾರ್‌ಗಳಲ್ಲೇ ಎಷ್ಟು ವ್ಯತ್ಯಾಸ ಇರುತ್ತದೆ ಅಂತ ಆಗ ಗೊತ್ತಾಗುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ ತಂತಿಯನ್ನು ಒತ್ತಿ ಪಕ್ಕಕ್ಕೆ ತಳ್ಳಿಯೂ ನೋಡಿ. ವೀಣೆಯಲ್ಲಿ ಗಮಕಕ್ಕೆ ತಂತಿ ಎಳೆಯುತ್ತಾರಲ್ಲ, ಹಾಗೆ. ಎಳೆದಾಗಲೂ ಸದ್ದು ನಿಲ್ಲಬಾರದು.

ಶ್ರುತಿ ನೋಡುವುದು ಇನ್ನೂ ಸುಲಭ. ತಂತಿ ಬಿಟ್ಟು ಮೀಟಿ ಟ್ಯೂನರ್‌ನಲ್ಲಿ ಸರಿ ಮಾಡಿಸಿ. ಅದೇ ತಂತಿಯನ್ನು 12ನೇ ಫ್ರೆಟ್‌ನಲ್ಲಿ ಮೆಲ್ಲಗೆ ಒತ್ತಿ ಮೀಟಿ. ಒಂದು ಸ್ಥಾಯಿ ಮೇಲೆ ಅದೇ ಸ್ವರ, ಮುಳ್ಳು ನಡುವೆಯೇ ನಿಲ್ಲಬೇಕು. ಸ್ವಲ್ಪ ಆಚೀಚೆ ಆದರೆ ಸೆಟಪ್‌ನಲ್ಲಿ ಸರಿಹೋಗುತ್ತದೆ, ಪೂರ್ತಿ ಪಕ್ಕಕ್ಕೆ ಹೋದರೆ ಅನುಮಾನ ಪಡಿ. ಆಮೇಲೆ ತಂತಿಗಳನ್ನು ಹತ್ತು ಸಲ ಜೋರಾಗಿ ಎಳೆದು ಮತ್ತೆ ಟ್ಯೂನರ್ ನೋಡಿ. ಹೊಸ ತಂತಿ ಸ್ವಲ್ಪ ಇಳಿಯುತ್ತದೆ, ಅದು ಸಹಜ. ಪ್ರತಿ ಸಲವೂ ಇಳಿಯುತ್ತಲೇ ಹೋದರೆ ಟ್ಯೂನಿಂಗ್ ಪೆಗ್ಗೋ (ತಂತಿ ಬಿಗಿಸುವ ಬಿರಡೆ) ನಟ್ಟೋ (ನೆಕ್ ತುದಿಯಲ್ಲಿ ತಂತಿ ಕೂರುವ ಸಣ್ಣ ಪಟ್ಟಿ) ಸರಿಯಿಲ್ಲ.

ಇಷ್ಟಾದ ಮೇಲೆ ಆಂಪ್‌ಗೆ ಹಾಕಿ. ಎಲ್ಲ ನಾಬ್ ತಿರುಗಿಸಿ, ಸ್ವಿಚ್‌ನ ಎಲ್ಲ ಜಾಗಕ್ಕೂ ಹಾಕಿ, ಕೇಬಲ್ ಸಿಕ್ಕಿಸುವ ಜಾಗವನ್ನು ಸ್ವಲ್ಪ ಅಲುಗಾಡಿಸಿ. ಕರಕರ ಬಂದರೆ ಹೇಳಿ. ಅಂಗಡಿಯವರು ನಿಮ್ಮನ್ನು ನೂರು ವ್ಯಾಟ್ ಆಂಪ್‌ಗೆ, ಎಕೋ ಎಲ್ಲ ತುಂಬಿಸಿ ಕೂರಿಸಿದರೆ ಯಾವ ಗಿಟಾರೂ ಚೆನ್ನಾಗೇ ಕೇಳಿಸುತ್ತದೆ. ನೀವು ಕೊಳ್ಳಲಿರುವ ಸಣ್ಣ ಆಂಪ್‌ನಲ್ಲೇ ಕೇಳಿ, ಎಫೆಕ್ಟ್ ಎಲ್ಲ ತೆಗೆಸಿ.

ಆಂಪ್ ಎಷ್ಟು ದೊಡ್ಡದು ಬೇಕು? ಮನೆಗೆ 10 ವ್ಯಾಟ್ ಧಾರಾಳ. ಅದಕ್ಕಿಂತ ಮುಖ್ಯ ಹೆಡ್‌ಫೋನ್ ತೂತು. ತುಮಕೂರಿನ ಬಟವಾಡಿಯಲ್ಲಿ ನಾವಿದ್ದ ಮನೆಯ ಪಕ್ಕದ ಗೋಡೆ ಎಷ್ಟು ತೆಳು ಅಂದರೆ ಅವರ ಕುಕ್ಕರ್ ವಿಷಲ್ ಎಣಿಸಬಹುದಿತ್ತು. ಅಲ್ಲಿ ಹೆಡ್‌ಫೋನ್ ಇಲ್ಲದಿದ್ದರೆ ನಾನು ಗಿಟಾರ್ ಕಲಿಯುತ್ತಲೇ ಇರಲಿಲ್ಲ. ಇನ್ನೂ ಕಡಿಮೆಗೆ ಬೇಕು ಅಂದರೆ ಗಿಟಾರಿಗೇ ನೇರ ಸಿಕ್ಕಿಸುವ ಬೆಂಕಿಪೊಟ್ಟಣ ಗಾತ್ರದ ಹೆಡ್‌ಫೋನ್ ಆಂಪ್‌ಗಳು ಬರುತ್ತವೆ, ವಾಕ್ಸ್ ಆಂಪ್ಲಗ್ ಅಂಥದ್ದು. ಮನೆಯಲ್ಲಿರುವ ಬ್ಲೂಟೂತ್ ಸ್ಪೀಕರ್‌ಗೆ ಹಾಕಿ ನುಡಿಸುತ್ತೇನೆ ಅಂತ ಮಾತ್ರ ಅಂದುಕೊಳ್ಳಬೇಡಿ. ಮೀಟಿದ ಮೇಲೆ ಸದ್ದು ತಡವಾಗಿ ಬರುತ್ತದೆ, ತಾಳ ಹಿಡಿಯಲು ಆಗಲ್ಲ.

ಇಲ್ಲಿ ಒಂದು ಮಾತು ಗಂಭೀರವಾಗಿ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ತ್‌ಗೆ ಸೇರಿರುತ್ತವೆ. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾಗುವುದು ಅದಕ್ಕೇ, ಅದು ದೋಷ ಅಲ್ಲ. ಆದರೆ ಮನೆಯಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ ಸಾಕೆಟ್‌ಗೆ ಹಾಕಲು ಅರ್ತ್ ಪಿನ್ ಮುರಿದಿದ್ದರೆ, ಆಂಪ್‌ನಲ್ಲಿ ಏನಾದರೂ ಕೆಟ್ಟ ದಿನ ಆ ಕರೆಂಟ್ ಬರುವುದು ನಿಮ್ಮ ಬೆರಳಿಗೆ. ತಂತಿ ಮುಟ್ಟಿದಾಗ ಜುಂ ಅಂದರೆ ಆ ಕ್ಷಣವೇ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ. ಹಳೇ ಇನ್ವರ್ಟರ್ ಮೇಲೆ ನುಡಿಸಿದಾಗ ಆಂಪ್ ಜೇನುಗೂಡಿನ ಹಾಗೆ ಸದ್ದು ಮಾಡಿದರೆ ಗಾಬರಿ ಬೇಡ. ಸ್ಕ್ವೇರ್ ವೇವ್ ಇನ್ವರ್ಟರ್‌ಗಳು ಹಾಗೇ, ಸೈನ್ ವೇವ್ ಇದ್ದರೆ ಆ ತೊಂದರೆ ಕಡಿಮೆ.

ಕೇಬಲ್ ಮೂರು ಮೀಟರ್ ಸಾಕು. ಎರಡು ತುದಿಯಲ್ಲೂ 6.35 ಮಿ.ಮೀ. ಜಾಕ್ ಇರಬೇಕು, ಮತ್ತೆ ಅದು ಗಿಟಾರಿನ ಕೇಬಲ್ಲೇ ಆಗಿರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಮ್ನೆ ಜಾಕ್ ನೋಡಿ ಸ್ಪೀಕರ್ ಕೇಬಲ್ ತಂದು ಗುಂಯ್ ಗುಂಯ್ ಅಂತ ಅಲೆದವನು ನಾನು. ಸ್ಪೀಕರ್ ವೈರಿಗೆ ಸುತ್ತ ಜಾಲರಿಯ ಕವಚ ಇರಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಖಂಡಿತ, ಜೊತೆಗೆ ಗೊತ್ತಿರುವವರೊಬ್ಬರು ಬರುವುದಾದರೆ. ನಮ್ಮ ಜಿಲ್ಲೆಯಲ್ಲಿ ಆರ್ಕೆಸ್ಟ್ರಾದವರನ್ನು ಕೇಳಿ. ಗಣೇಶ, ರಾಜ್ಯೋತ್ಸವದ ಸೀಸನ್ ಮುಗಿದ ಮೇಲೆ ಡಿಸೆಂಬರ್ ಹೊತ್ತಿಗೆ ಹೊಸದು ಕೊಂಡು ಹಳೆಯದು ಮಾರುವವರು ಸಿಗುತ್ತಾರೆ. ಫ್ರೆಟ್‌ಗಳ ಮೇಲೆ ತಂತಿ ಸವೆದು ಆದ ಹಳ್ಳ ನೋಡಿ. ಉಗುರಿಗೆ ಸ್ವಲ್ಪ ಸಿಕ್ಕಿದರೆ ಪರವಾಗಿಲ್ಲ, ದೂರದಿಂದಲೇ ಕಂಡರೆ ಫ್ರೆಟ್ ಬದಲಾಯಿಸುವ ಖರ್ಚು ಗಿಟಾರಿನ ಬೆಲೆಗೇ ಬರುತ್ತದೆ. ನೆಕ್ ಮತ್ತು ತಲೆ ಸೇರುವ ಜಾಗದ ಹಿಂದೆ ಸೀಳು ಇದೆಯಾ ನೋಡಿ, ಲೆಸ್ ಪಾಲ್ ಆಕಾರದವು ಬಿದ್ದರೆ ಮುರಿಯುವುದು ಅಲ್ಲೇ.

ಆನ್‌ಲೈನ್‌ನಲ್ಲೇ ತರಿಸುವ ಪರಿಸ್ಥಿತಿ ಇದ್ದರೆ ವಾಪಸ್ ತಗೊಳ್ಳುವ ನಿಯಮ ಮೊದಲು ಓದಿ, ಡಬ್ಬ ಬಿಚ್ಚುವುದನ್ನು ವಿಡಿಯೊ ಮಾಡಿ, ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಅದೇ ದಿನ ಮಾಡಿ. ಡಬ್ಬ ಎಸೆಯಬೇಡಿ.

ವಾಪಸ್ ಬರುವಾಗ ರೈಲಿನಲ್ಲಿ ಗಿಟಾರನ್ನು ಮೇಲಿನ ಲಗೇಜ್ ಹಲಗೆಗೆ ಹಾಕಬೇಡಿ. ಯಾರಾದರೂ ಅದರ ಮೇಲೆ ಅಕ್ಕಿ ಮೂಟೆ ಇಟ್ಟೇ ಇಡುತ್ತಾರೆ. ಕಾಲುಗಳ ನಡುವೆ ನಿಲ್ಲಿಸಿಕೊಳ್ಳಿ. "ಏನಪ್ಪ ಅದು, ವೀಣೆನಾ?" ಅಂತ ಕೇಳಿದರೆ ಹೌದು ಅನ್ನುವುದೇ ವಾಸಿ, ಇಲ್ಲದಿದ್ದರೆ ಡಾಬಸ್‌ಪೇಟೆ ದಾಟುವವರೆಗೂ ಒಂದು ಹಾಡು ನುಡಿಸು ಅಂತ ಬಿಡಲ್ಲ. ಮನೆಯಲ್ಲಿ ಬಿಸಿಲು ಬೀಳದ ಕಡೆ, ಕೈಗೆ ಸಿಗುವ ಹಾಗೆ ಸ್ಟ್ಯಾಂಡ್ ಮೇಲೆ ಇಡಿ, ಬೀರು ಮೇಲೆ ಬೇಡ. ಮತ್ತೆ ಬೆಂಗಳೂರಿನ ಅಂಗಡಿ ಬಿಡುವ ಮುಂಚೆ ಸೆಟ್ ಜೊತೆಗೆ ಒಂದನೇ ತಂತಿ ಬಿಡಿಯಾಗಿ ಎರಡು ತಗೊಳ್ಳಿ. ಮೊದಲು ಕಿತ್ತುಹೋಗುವುದು ಅದೇ, ಅದೂ ಭಾನುವಾರ ರಾತ್ರಿಯೇ. ಆ ಹೊತ್ತಿನಲ್ಲಿ ತುಮಕೂರಿನ ಅಶೋಕ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ನಡೆದರೂ 0.009 ಇಂಚಿನ ತಂತಿ ಸಿಗಲ್ಲ. ನಡೆದು ನೋಡಿದ್ದೇನೆ.